20 ನ್ಯೂಟನ್ ಬಲದಿಂದ ಎಳೆದರೂ ದಾರದಲ್ಲಿ ಎಳೆತ 8 ಮಾತ್ರ: ಉಳಿದ 12 ಎಲ್ಲಿ ಹೋಯಿತು?

ಪ್ರಶ್ನೆ: ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಎಲ್ಲರಿಗೂ ನಮಸ್ಕಾರ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ವಿಜ್ಞಾನ ವಿಭಾಗಕ್ಕೆ ಸೇರಿದ್ದೇನೆ. ಚಲನೆಯ ನಿಯಮಗಳ ಪಾಠದ ಒಂದು ಲೆಕ್ಕ ಬಿಡದೆ ಕಾಡುತ್ತಿದೆ. ಬಿಡಿಸಲು ಬರುವುದಿಲ್ಲ ಎಂದಲ್ಲ. ಬಿಡಿಸಿ ಉತ್ತರ ಸರಿ ಬಂದ ಮೇಲೂ ನಂಬಿಕೆ ಹುಟ್ಟುತ್ತಿಲ್ಲ.

ನುಣುಪಾದ ಮೇಜು, ಘರ್ಷಣೆ ಇಲ್ಲ. ಹಿಂದೆ 2 ಕೆ.ಜಿ. ಮರದ ತುಂಡು, ಮುಂದೆ 3 ಕೆ.ಜಿ. ತುಂಡು, ನಡುವೆ ಹಗುರವಾದ ದಾರ. ಮುಂದಿನ ತುಂಡನ್ನು 20 ನ್ಯೂಟನ್ ಬಲದಿಂದ ಎಳೆಯುತ್ತಾರೆ. ದಾರದ ಎಳೆತ ಎಷ್ಟು?

ಒಟ್ಟು 5 ಕೆ.ಜಿ., ಆದ್ದರಿಂದ ವೇಗೋತ್ಕರ್ಷ 20 ÷ 5 = 4 ಮೀ/ಸೆ². ಹಿಂದಿನ ತುಂಡನ್ನು ಎಳೆಯುವುದು ದಾರವೊಂದೇ, ಆದ್ದರಿಂದ ಎಳೆತ 2 × 4 = 8 ನ್ಯೂಟನ್. ಗೈಡಿನಲ್ಲೂ ಇದೇ ಉತ್ತರ. ಆದರೆ ನಾನು ಕೊಟ್ಟದ್ದು 20. ಉಳಿದ 12 ಎಲ್ಲಿ ಹೋಯಿತು?

ಇನ್ನೂ ವಿಚಿತ್ರವೆಂದರೆ, ಇದೇ ಜೋಡಿಯನ್ನು 2 ಕೆ.ಜಿ. ಕಡೆಯಿಂದ ಅದೇ 20 ನ್ಯೂಟನ್ ಬಲದಿಂದ ಎಳೆದರೆ ಎಳೆತ 12 ಆಗುತ್ತದೆ. ದಾರ ಅದೇ, ತುಂಡುಗಳು ಅವೇ, ಬಲ ಅಷ್ಟೇ, ವೇಗೋತ್ಕರ್ಷವೂ ಅಷ್ಟೇ. ನಾನು ಯಾವ ಕಡೆ ನಿಂತು ಎಳೆಯುತ್ತಿದ್ದೇನೆ ಎಂಬುದು ದಾರಕ್ಕೆ ಹೇಗೆ ತಿಳಿಯುತ್ತದೆ?

ಎರಡನೆಯ ಲೆಕ್ಕವೂ ಇದೇ ಜಾತಿಯದು. ಮೇಜಿನ ಮೇಲೆ 3 ಕೆ.ಜಿ., ಅಂಚಿನ ರಾಟೆಯ ಮೂಲಕ ತೂಗಾಡುವ 2 ಕೆ.ಜಿ. ತೂಗಾಡುವುದರ ತೂಕ 20 ನ್ಯೂಟನ್ (ಗುರುತ್ವ 10 ಎಂದು ಹಿಡಿದಿದ್ದೇನೆ). ಆ ತೂಕವನ್ನು ಹೊತ್ತಿರುವುದು ದಾರ. ಆದರೂ ಎಳೆತ 12 ಎಂದು ಬರುತ್ತದೆ.

ತರಗತಿಯಲ್ಲಿ ಕೇಳಿದೆ. "ಸಮೀಕರಣ ಬರೆದರೆ ತಾನಾಗಿಯೇ ಬರುತ್ತದೆ" ಎಂದರು. ಬರುತ್ತದೆ, ನನಗೂ ಗೊತ್ತು. ದಯವಿಟ್ಟು ಸೂತ್ರ ಕೊಡಬೇಡಿ, ಒಳಗೆ ಏನಾಗುತ್ತಿದೆ ಎಂದು ಹೇಳಿ.


ಉತ್ತರ: ಸಿಇಟಿ ಅಭ್ಯರ್ಥಿ, ದಾವಣಗೆರೆ

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಮೂರು ಸೂತ್ರ ಸಾಕು.

ಮೇಜಿನ ಮೇಲೆ ಎಳೆದರೆ: ಹಿಂದಿನ ದ್ರವ್ಯರಾಶಿ × ಬಲ ÷ ಒಟ್ಟು ದ್ರವ್ಯರಾಶಿ. ಒಂದು ಮೇಜಿನ ಮೇಲೆ, ಒಂದು ತೂಗಾಟದಲ್ಲಿ ಇದ್ದರೆ: ಎರಡು ದ್ರವ್ಯರಾಶಿಗಳ ಗುಣಲಬ್ಧ × 10 ÷ ಮೊತ್ತ. ರಾಟೆಯ ಎರಡೂ ಬದಿ ತೂಗಾಡಿದರೆ ಅದರ ಎರಡರಷ್ಟು.

ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಒಳಗೆ ಏನಾಗುತ್ತಿದೆ ಎಂದು ನೋಡುತ್ತ ಕುಳಿತರೆ ಗಂಟೆ ಹೊಡೆಯುತ್ತದೆ.


ಉತ್ತರ: ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಧಾರವಾಡ

ದಾವಣಗೆರೆಯ ಹುಡುಗ ಕೊಟ್ಟ ಮೂರು ಸೂತ್ರಗಳೂ ಸರಿ. ಆದರೆ ಹುಡುಗಿ ಸೂತ್ರ ಬೇಡವೆಂದು ಕೈಮುಗಿದು ಬರೆದಿದ್ದಾಳೆ, ಅವಳಿಗೆ ಮೂರನ್ನು ಒಟ್ಟಿಗೆ ಕೊಟ್ಟಿದ್ದೀಯ. ಪ್ರಶ್ನೆಯನ್ನು ಪೂರ್ತಿ ಓದುವ ಅಭ್ಯಾಸ ಸಿಇಟಿಗೂ ಬೇಕಪ್ಪ. ಮೇಜು ಸ್ವಲ್ಪ ವಾಲಿದರೆ, ಮೂರನೆಯ ತುಂಡು ಸೇರಿದರೆ, ದಾರಕ್ಕೆ ತೂಕ ಬಂದರೆ ಆಗ ನಾಲ್ಕನೆಯ, ಐದನೆಯ, ಆರನೆಯ ಸೂತ್ರ ಹುಡುಕುತ್ತೀಯಾ?

ತಂಗೀ, ನಿನ್ನ ಮೊದಲ ಪ್ರಶ್ನೆಗೆ ಬರುತ್ತೇನೆ. 12 ನ್ಯೂಟನ್ ಎಲ್ಲಿಗೂ ಹೋಗಿಲ್ಲ. ಮುಂದಿನ 3 ಕೆ.ಜಿ. ತುಂಡೂ 4 ಮೀ/ಸೆ² ವೇಗೋತ್ಕರ್ಷ ಪಡೆಯುತ್ತಿದೆಯಲ್ಲವೆ? ಅದಕ್ಕೆ 3 × 4 = 12 ಬೇಕು. ನೀನು ಮುಂದಕ್ಕೆ 20 ಎಳೆದೆ, ದಾರ ಅದನ್ನು ಹಿಂದಕ್ಕೆ 8 ಜಗ್ಗಿತು, ನಿವ್ವಳ 12. ಲೆಕ್ಕ ಕೂಡಿತು.

ನಿನ್ನನ್ನು ಕಾಡುತ್ತಿರುವುದು ಬಹಳ ಮಕ್ಕಳ ಮನಸ್ಸಿನಲ್ಲಿರುವ ಒಂದು ಚಿತ್ರ. ಬಲವೆಂದರೆ ಒಂದು ಪಾರ್ಸೆಲ್, ಮುಂದಿನ ತುಂಡಿಗೆ ಕೊಟ್ಟದ್ದನ್ನು ಅದು ದಾರಕ್ಕೆ ದಾಟಿಸುತ್ತದೆ, ದಾರ ಹಿಂದಿನದಕ್ಕೆ ಮುಟ್ಟಿಸುತ್ತದೆ, ಆದ್ದರಿಂದ 20 ಹೊರಟರೆ 20 ತಲುಪಬೇಕು ಎಂಬ ಚಿತ್ರ. ಇದನ್ನು ಬಿಟ್ಟುಬಿಡು. ನಿನ್ನ ಕೈ ಮುಟ್ಟಿರುವುದು ಮುಂದಿನ ತುಂಡನ್ನು ಮಾತ್ರ. ಆ 20 ನ್ಯೂಟನ್ ಅದರ ಮೇಲೆ ಮಾತ್ರ ಇದೆ, ಹಿಂದಿನ ತುಂಡಿಗೆ ನಿನ್ನ ಕೈಯ ಸುದ್ದಿಯೇ ಇಲ್ಲ. ಅದನ್ನು ಮುಟ್ಟಿರುವುದು ದಾರ. ತನ್ನನ್ನು ಮುಟ್ಟಿದ್ದು ಎಷ್ಟು ಎಳೆಯುತ್ತಿದೆ ಎಂಬುದಷ್ಟೇ ಅದಕ್ಕೆ ಸಂಬಂಧ.

ಈಗ ದಾರಕ್ಕೆ ಹೇಗೆ ತಿಳಿಯುತ್ತದೆ ಎಂಬ ಪ್ರಶ್ನೆ. ತರಗತಿಯಲ್ಲಿ ನಾನು ಕೇಳುತ್ತಿದ್ದದ್ದು ಒಂದೇ: ಎಳೆಯುತ್ತಿರುವಾಗಲೇ ಈ ದಾರವನ್ನು ಕತ್ತರಿಸಿದರೆ ಹಿಂದೆ ಉಳಿಯುವುದು ಯಾವುದು? ಮುಂದಿನ ಕಡೆಯಿಂದ ಎಳೆಯುವಾಗ ಕತ್ತರಿಸಿದರೆ 2 ಕೆ.ಜಿ. ಹಿಂದೆ ಉಳಿಯುತ್ತದೆ. ಅಂದರೆ ಅಷ್ಟು ಹೊತ್ತೂ ದಾರ ಆ 2 ಕೆ.ಜಿ.ಯನ್ನು ಜೊತೆಗೆ ಕರೆತರುತ್ತಿತ್ತು, ಅದಕ್ಕೆ 8 ಬೇಕು. ಮತ್ತೊಂದು ಕಡೆಯಿಂದ ಎಳೆದರೆ ಹಿಂದೆ ಉಳಿಯುವುದು 3 ಕೆ.ಜಿ., ಅದಕ್ಕೆ 12 ಬೇಕು. ದಾರ ಏನನ್ನೂ ತಿಳಿಯಬೇಕಾಗಿಲ್ಲ. ಹಿಂದಿರುವುದು ಹಿಂದೆ ಬೀಳದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ.

ದಾರ ಹಗುರ ಎಂದು ಪುಸ್ತಕಗಳು ಏಕೆ ಒತ್ತಿ ಹೇಳುತ್ತವೆ ಎಂಬುದೂ ಇಲ್ಲೇ ಇದೆ. ದಾರದ ಬದಲು 1 ಕೆ.ಜಿ. ತೂಗುವ ದಪ್ಪ ಹಗ್ಗ ಕಟ್ಟು, 24 ನ್ಯೂಟನ್ ಬಲದಿಂದ ಎಳೆ. ಒಟ್ಟು 6 ಕೆ.ಜಿ., ವೇಗೋತ್ಕರ್ಷ ಮತ್ತೆ 4. ಹಗ್ಗದ ಹಿಂತುದಿಯಲ್ಲಿ ಕತ್ತರಿಸಿದರೆ 2 ಕೆ.ಜಿ. ಉಳಿಯುತ್ತದೆ, ಎಳೆತ 8. ಮುಂತುದಿಯಲ್ಲಿ ಕತ್ತರಿಸಿದರೆ ಹಗ್ಗವೂ ಸೇರಿ 3 ಕೆ.ಜಿ. ಉಳಿಯುತ್ತದೆ, ಎಳೆತ 12. ನಟ್ಟನಡುವೆ 10. ಒಂದೇ ಹಗ್ಗ, ಆದರೆ ಎಳೆತ ಜಾಗದಿಂದ ಜಾಗಕ್ಕೆ ಬೇರೆ. ಹಗ್ಗದ ತೂಕ ಸೊನ್ನೆಗೆ ಇಳಿದಂತೆ ಎರಡು ತುದಿಗಳ ಅಂತರವೂ ಸೊನ್ನೆಗೆ ಇಳಿಯುತ್ತದೆ. ದಾರದುದ್ದಕ್ಕೂ ಎಳೆತ ಒಂದೇ ಎನ್ನುವುದು ಪ್ರಕೃತಿಯ ನಿಯಮವಲ್ಲ, ನಾವು ಒಪ್ಪಿಕೊಂಡ ಒಂದು ಸೌಕರ್ಯ.

ತೂಗಾಡುವ ಲೆಕ್ಕದಲ್ಲಿ "ತೂಕವನ್ನು ಹೊತ್ತಿರುವುದು ದಾರ" ಎಂದು ಬರೆದಿದ್ದೀಯ. ಹೊತ್ತಿಲ್ಲ, ಅದೇ ಸಂಗತಿ. ಪೂರ್ತಿ ಹೊತ್ತಿದ್ದರೆ 2 ಕೆ.ಜಿ. ಅಲ್ಲಾಡದೆ ನಿಲ್ಲುತ್ತಿತ್ತು. ಅದು 4 ಮೀ/ಸೆ² ವೇಗೋತ್ಕರ್ಷದಿಂದ ಇಳಿಯುತ್ತಿದೆ, ಎಂದರೆ ತೂಕ 8 ನ್ಯೂಟನ್‌ನಷ್ಟು ಗೆಲ್ಲಬೇಕು. 20ರಲ್ಲಿ 8 ಕಳೆದರೆ 12. ಇನ್ನೂ ಅನುಮಾನವಿದ್ದರೆ ಮೇಜಿನ ಮೇಲಿನ ತುಂಡನ್ನು ಬದಲಿಸುತ್ತ ಹೋಗು. ಅದನ್ನು 98 ಕೆ.ಜಿ. ಮಾಡಿದರೆ ವೇಗೋತ್ಕರ್ಷ 0.2, ಎಳೆತ 19.6, ನೀನು ಅಂದುಕೊಂಡ 20ರ ಹತ್ತಿರ. ಅದನ್ನು ತೆಗೆದೇ ಬಿಟ್ಟರೆ ದಾರ ಸುಮ್ಮನೆ ಜೊತೆಗೆ ಬೀಳುತ್ತದೆ, ಎಳೆತ ಸೊನ್ನೆ. ಉಳಿದ ಉತ್ತರಗಳೆಲ್ಲ ಇವೆರಡರ ನಡುವೆ.

ಕಣ್ಣಿಂದ ನೋಡಬೇಕೆಂದಿದ್ದರೆ ಪ್ರಯೋಗಾಲಯದಲ್ಲಿ ರಾಟೆಯನ್ನು ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ನೇತುಹಾಕಿಸು. ಒಂದು ಬದಿ 300 ಗ್ರಾಂ, ಇನ್ನೊಂದು ಬದಿ 200 ಗ್ರಾಂ. ಕೇಂಬ್ರಿಜ್‌ನ ಜಾರ್ಜ್ ಅಟ್‌ವುಡ್ 1784ರ ತನ್ನ ಪುಸ್ತಕದಲ್ಲಿ ವಿವರಿಸಿದ ಯಂತ್ರದ ಬಡ ನೆಂಟ ಇದು. ಈಗ 200ನ್ನು ಕೈಯಿಂದ ಕೆಳಗೆ ಹಿಡಿದು ನಿಲ್ಲಿಸು. ರಾಟೆಯ ತೂಕ ಕಳೆದರೆ ತಕ್ಕಡಿ 600 ತೋರಿಸುತ್ತದೆ. ಅದನ್ನು ಬಿಟ್ಟು 300ರ ಅಡಿಗೆ ಕೈಯೊಡ್ಡು, 400 ತೋರಿಸುತ್ತದೆ. ಎರಡನ್ನೂ ಬಿಟ್ಟುಬಿಡು, ಚಲಿಸುತ್ತಿರುವಷ್ಟು ಹೊತ್ತು 480. ಐದುನೂರು ಗ್ರಾಂ ನೇತುಹಾಕಿ 500 ಒಮ್ಮೆಯೂ ಕಾಣದೆ ಹೋದಾಗ ಹಿಂದಿನ ಬೆಂಚಿನವರೂ ಎದ್ದು ಮುಂದೆ ಬರುತ್ತಿದ್ದರು. ಒಂದು ಮೀಟರ್ ಇಳಿಯಲು ಸುಮಾರು ಒಂದು ಸೆಕೆಂಡ್ ಸಿಗುತ್ತದೆ. ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದರೆ ಮುಳ್ಳನ್ನು ಆರಾಮವಾಗಿ ಓದಬಹುದು. ನಮ್ಮ ಕಾಲದಲ್ಲಿ ಅದಿರಲಿಲ್ಲ, ಕಣ್ಣು ಕೀಲಿಸಿ ನೋಡಬೇಕಿತ್ತು.


ಉತ್ತರ: ಗೂಡ್ಸ್ ರೈಲಿನ ಲೋಕೊ ಪೈಲಟ್, ಹಾಸನ ಜಿಲ್ಲೆ

ಮೇಷ್ಟ್ರು ಹೇಳಿದ ಕತ್ತರಿಯ ಮಾತು ನಮ್ಮ ಕೆಲಸಕ್ಕೆ ನೇರವಾಗಿ ಒಪ್ಪುತ್ತದೆ. ನಾನು ಓದಿದ್ದು ಐಟಿಐ, ಸಮೀಕರಣಗಳ ನಂಟು ಹೆಚ್ಚಿಲ್ಲ. ಆದರೆ ಎಂಜಿನ್ನಿನ ಹಿಂದಿನ ಮೊದಲ ಕಪ್ಲಿಂಗ್ (ಜೋಡಿಸುವ ಕೊಂಡಿ) ಇಡೀ ರೈಲನ್ನು ಎಳೆಯುತ್ತದೆ, ಕೊನೆಯದು ಒಂದೇ ವ್ಯಾಗನ್ನನ್ನು ಎಳೆಯುತ್ತದೆ ಎಂಬುದು ನಮಗೆ ಪಾಠಕ್ಕಿಂತ ಮೊದಲೇ ಗೊತ್ತಿರುತ್ತದೆ.

ಸುಬ್ರಹ್ಮಣ್ಯ ರಸ್ತೆಯಿಂದ ಸಕಲೇಶಪುರಕ್ಕೆ ಘಾಟ್ ಹತ್ತುವ ದಾರಿಯಲ್ಲಿ ಏರು 50ಕ್ಕೆ 1. ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಲೆಕ್ಕಕ್ಕೆ ಸುಲಭವಾಗಲೆಂದು 80 ಟನ್ನಿನ 20 ವ್ಯಾಗನ್ ಎಂದು ಇಟ್ಟುಕೊಳ್ಳಿ. ಏರಿನಲ್ಲಿ ಒಂದೊಂದು ವ್ಯಾಗನ್ ಹಿಂದಕ್ಕೆ ಜಗ್ಗುವುದು ತೂಕದ ಐವತ್ತನೆಯ ಒಂದು ಭಾಗ, ಅಂದರೆ 16,000 ನ್ಯೂಟನ್. ಗಾಲಿಯ ಪ್ರತಿರೋಧ ಬಿಟ್ಟು, ಒಂದೇ ವೇಗದಲ್ಲಿ ಹತ್ತಿದರೂ ಮೊದಲ ಕಪ್ಲಿಂಗಿನಲ್ಲಿ 3,20,000, ಹತ್ತನೆಯ ವ್ಯಾಗನ್ನಿನ ಹಿಂದೆ 1,60,000, ಕೊನೆಯ ವ್ಯಾಗನ್ನಿನ ಮುಂದೆ 16,000. ಕಪ್ಲಿಂಗುಗಳೆಲ್ಲ ಒಂದೇ ಗಟ್ಟಿಯವು, ಆದರೆ ಪಾಲು ಒಂದೇ ಅಲ್ಲ.

ಅದಕ್ಕೇ ಘಾಟಿನಲ್ಲಿ ಹಿಂದಿನಿಂದ ನೂಕಲು ಬ್ಯಾಂಕರ್ ಎಂಜಿನ್ ಹಾಕುತ್ತಾರೆ. ಶಕ್ತಿ ಸಾಲದು ಎಂಬುದೊಂದೇ ಕಾರಣವಲ್ಲ. ಎಲ್ಲ ಎಂಜಿನ್ನುಗಳನ್ನೂ ಮುಂದೆಯೇ ಕಟ್ಟಿದರೆ ಮೊದಲ ಕಪ್ಲಿಂಗಿನ ಪಾಡೇನು ಎಂದು ಯೋಚಿಸಿ. ಬ್ಯಾಂಕರ್ ಅರ್ಧ ಭಾರ ಹೊತ್ತರೆ ಮೊದಲ ಕಪ್ಲಿಂಗಿಗೆ 1,60,000 ಮಾತ್ರ. ಹಿಂದಕ್ಕೆ ಹೋದಂತೆ ಎಳೆತ ಇಳಿದು ರೈಲಿನ ನಡುವೆ ಸೊನ್ನೆಯಾಗುತ್ತದೆ. ಅಲ್ಲಿಂದ ಹಿಂದೆ ಕಪ್ಲಿಂಗುಗಳು ಎಳೆಯುವುದಿಲ್ಲ, ಒತ್ತಿಸಿಕೊಳ್ಳುತ್ತವೆ. ನಿಮ್ಮ ದಾರಕ್ಕೆ ಈ ಭಾಗ್ಯವಿಲ್ಲ, ನೂಕಿದರೆ ಸಡಿಲವಾಗಿ ಬಿಡುತ್ತದೆ. ಪ್ರತಿಯೊಂದು ಏರುತಗ್ಗಿನಲ್ಲೂ ಆ ಸೊನ್ನೆಯ ಜಾಗ ಅತ್ತಿತ್ತ ಸರಿಯುತ್ತಿರುತ್ತದೆ. ಅದು ಜರ್ಕ್ ಇಲ್ಲದೆ ಸರಿಯುವಂತೆ ಓಡಿಸುವುದರಲ್ಲೇ ನಮ್ಮ ಕೈಚಳಕ ಇರುವುದು.


ಉತ್ತರ: ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಸರ್, ಧನ್ಯವಾದ. 12 ಎಲ್ಲಿದೆ ಎಂಬುದು ಈಗ ಕಾಣುತ್ತಿದೆ. ರೈಲಿನ ಸರ್ ಅವರಿಗೂ ಧನ್ಯವಾದ, ನಡುವೆ ಸೊನ್ನೆ ಆಗುತ್ತದೆ ಎಂಬುದನ್ನು ಓದಿ ಮೂರು ತುಂಡು ಇಟ್ಟು ಲೆಕ್ಕ ಮಾಡಿ ನೋಡಿದೆ, ಸರಿ ಬಂತು.

ಈಗ ಹೊಸ ಅನುಮಾನ. ಮೇಜಿಗೆ ಘರ್ಷಣೆ ಸೇರಿಸಿದೆ, ಘರ್ಷಣಾಂಕ (ತೂಕದ ಎಷ್ಟು ಪಾಲು ಘರ್ಷಣೆ ಎಂಬ ಸಂಖ್ಯೆ) ಎರಡೂ ತುಂಡುಗಳಿಗೆ 0.2. ಹಿಂದಿನದರ ಮೇಲೆ 4 ನ್ಯೂಟನ್, ಮುಂದಿನದರ ಮೇಲೆ 6, ಒಟ್ಟು 10. ಉಳಿದ 10ರಿಂದ ವೇಗೋತ್ಕರ್ಷ 2. ಹಿಂದಿನ ತುಂಡಿಗೆ ಎಳೆತ = 4 + 2 × 2 = 8. ಮತ್ತೆ ಎಂಟೇ! ವೇಗೋತ್ಕರ್ಷ ಅರ್ಧವಾಯಿತು, ಎಳೆತ ಕದಲಲಿಲ್ಲ. 0.3 ಹಾಕಿದರೂ 8. ಇದು ಕಾಕತಾಳೀಯವೆ?


ಉತ್ತರ: ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಧಾರವಾಡ

ಶಹಬ್ಬಾಸ್. ಯಾರೂ ಹೇಳದೆ ಅಂಕಿ ಬದಲಿಸಿ ನೋಡಿದೆಯಲ್ಲ, ಅದಕ್ಕೆ ಮೊದಲ ಅಂಕ.

ಕಾಕತಾಳೀಯವಲ್ಲ. ಘರ್ಷಣಾಂಕ ಒಂದೇ ಇದ್ದಾಗ ಘರ್ಷಣೆ ಎರಡು ತುಂಡುಗಳಿಂದ 2ಕ್ಕೆ 3ರ ಪ್ರಮಾಣದಲ್ಲೇ ಸುಂಕ ವಸೂಲಿ ಮಾಡುತ್ತದೆ. ದ್ರವ್ಯರಾಶಿಗೆ ತಕ್ಕಂತೆ ಬೀಳುವ ಯಾವ ಬಲವೂ ಇಬ್ಬರ ಪಾಲಿನ ಪ್ರಮಾಣವನ್ನು ಕೆಡಿಸುವುದಿಲ್ಲ. 20ರ ಐದರಲ್ಲಿ ಎರಡು ಪಾಲು ಹಿಂದಿನ ತುಂಡಿಗೆ ಸೇರಲೇಬೇಕು, ಅದನ್ನು ಅದು ಘರ್ಷಣೆಗೆ ಖರ್ಚು ಮಾಡಲಿ, ವೇಗೋತ್ಕರ್ಷಕ್ಕೆ ಖರ್ಚು ಮಾಡಲಿ. ಮೇಜನ್ನು ವಾಲಿಸಿ ಏರಿನಲ್ಲಿ ಎಳೆದರೂ ಎಂಟೇ ಬರುತ್ತದೆ, ಇದೇ ಕಾರಣಕ್ಕೆ.

ಪ್ರಮಾಣ ಕೆಡಿಸಬೇಕಾದರೆ ಘರ್ಷಣಾಂಕ ಬೇರೆ ಬೇರೆ ಇಡು. ಹಿಂದಿನದಕ್ಕೆ 0.3, ಮುಂದಿನದಕ್ಕೆ 0.1. ಘರ್ಷಣೆ 6 ಮತ್ತು 3, ಉಳಿದದ್ದು 11, ವೇಗೋತ್ಕರ್ಷ 2.2, ಎಳೆತ 6 + 4.4 = 10.4. ಮುಂದಿನ ತುಂಡಿನಿಂದ ತಾಳೆ ನೋಡು: 20 − 3 − 10.4 = 6.6, ಅದು 3 × 2.2. ಎರಡನೆಯ ತುಂಡಿನಿಂದ ತಾಳೆ ನೋಡದೆ ಉತ್ತರದ ಕೆಳಗೆ ಗೆರೆ ಎಳೆಯಬೇಡ.

ಈಗ ನಾನೊಂದು ಕೇಳುತ್ತೇನೆ. ಘರ್ಷಣಾಂಕ ಎರಡಕ್ಕೂ 0.2ಕ್ಕೇ ತಿರುಗಿಸು, ಸ್ಥಿರ ಘರ್ಷಣೆಯ ಮಿತಿಯೂ ಅಷ್ಟೇ ಎಂದಿರಲಿ. 20ರ ಬದಲು 8 ನ್ಯೂಟನ್ ಬಲದಿಂದ ಎಳೆ. ಘರ್ಷಣೆ ಒಟ್ಟು 10ರವರೆಗೆ ತಡೆಯಬಲ್ಲದು, ಹಾಗಾಗಿ ಏನೂ ಕದಲುವುದಿಲ್ಲ. ದಾರದ ಎಳೆತ ಎಷ್ಟು? ದಾವಣಗೆರೆಯ ಹುಡುಗನೂ ಉತ್ತರಿಸಬಹುದು.


ಉತ್ತರ: ಸಿಇಟಿ ಅಭ್ಯರ್ಥಿ, ದಾವಣಗೆರೆ

ಸೂತ್ರದ ಪ್ರಕಾರ 2 × 8 ÷ 5 = 3.2.

ಸರ್, ನನ್ನದೂ ಒಂದು ಪ್ರಶ್ನೆ. ಎರಡು ರಾಟೆಗಳ ಮೇಲಿಂದ ಎರಡೂ ಬದಿ 1 ಕೆ.ಜಿ. ತೂಗುಬಿಟ್ಟು ನಡುವೆ ಅಡ್ಡಲಾಗಿ ಸ್ಪ್ರಿಂಗ್ ತಕ್ಕಡಿ ಕಟ್ಟಿದರೆ ಅದು 20 ನ್ಯೂಟನ್ ತೋರಿಸಬೇಕೋ ಸೊನ್ನೆಯೋ?


ಉತ್ತರ: ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಧಾರವಾಡ

ಎರಡೂ ಅಲ್ಲ, 10. ಒಂದು ಬದಿಯ ತೂಕ ತೆಗೆದು ಆ ತುದಿಯನ್ನು ಗೋಡೆಯ ಮೊಳೆಗೆ ಕಟ್ಟು, ಆಗಲೂ 10 ಎನ್ನಲು ನಿನಗೆ ಅನುಮಾನ ಬರುವುದಿಲ್ಲ. ಮೊಳೆಯೂ 10 ನ್ಯೂಟನ್ ಬಲದಿಂದ ಹಿಂದಕ್ಕೆ ಎಳೆಯುತ್ತಲೇ ಇದೆ, ನಾವು ಅದನ್ನು ಎಣಿಸುವುದಿಲ್ಲ ಅಷ್ಟೆ.

3.2 ಎಂಬ ಉತ್ತರಕ್ಕೆ ಬರೋಣ. ಆಗಬಹುದು, ಆದರೆ ಹಾಗೇ ಆಗಬೇಕೆಂದಿಲ್ಲ. ಹಿಂದಿನ ತುಂಡಿನ ಘರ್ಷಣೆ 4ಕ್ಕಿಂತ ಹೆಚ್ಚು ತಡೆಯಲಾರದು, ಹಾಗಾಗಿ ಎಳೆತ 4ನ್ನು ಮೀರುವಂತಿಲ್ಲ. ಮುಂದಿನದರ ಘರ್ಷಣೆ 6ಕ್ಕಿಂತ ಹೆಚ್ಚು ತಡೆಯಲಾರದು, ಹಾಗಾಗಿ 8ರಲ್ಲಿ ಕನಿಷ್ಠ 2 ದಾರದ ಮೇಲೆ ಬೀಳಲೇಬೇಕು. 2ರಿಂದ 4ರವರೆಗೆ ಯಾವುದಿದ್ದರೂ ನ್ಯೂಟನ್ನನ ಆಕ್ಷೇಪವಿಲ್ಲ. ದಾರದಲ್ಲಿ ಎಳೆತವೇ ಇಲ್ಲದ ಸ್ಥಿತಿಯಿಂದ ಶುರುಮಾಡಿ ನಿಧಾನವಾಗಿ ಕೈಯ ಬಲ ಹೆಚ್ಚಿಸಿದ್ದರೆ, 6ರವರೆಗೆ ಮುಂದಿನ ತುಂಡೇ ತಡೆದುಕೊಂಡು ಆಮೇಲೆ 2 ಮಾತ್ರ ದಾರಕ್ಕೆ ಬರುತ್ತದೆ. ಮೊದಲೇ ದಾರವನ್ನು ಬಿಗಿ ಮಾಡಿ ಇಟ್ಟಿದ್ದರೆ ಉತ್ತರ ಬೇರೆ. ಎಂದರೆ ದತ್ತಾಂಶ ಸಾಲದು, ಹಿಂದೆ ಏನಾಗಿತ್ತು ಎಂಬುದೂ ಬೇಕು. ನಿನ್ನ ಸೂತ್ರ ಚಲಿಸುವ ಜೋಡಿಗೆ ಹುಟ್ಟಿದ್ದು. ನಿಂತ ಜೋಡಿಗೆ ಹಾಕಿದರೂ ಅದು ನಾಚದೆ ಒಂದು ಸಂಖ್ಯೆ ಕೊಟ್ಟುಬಿಡುತ್ತದೆ.


ಉತ್ತರ: ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಸರ್, ಪ್ರಯೋಗಾಲಯದಲ್ಲಿ ಕೇಳಿ ರಾಟೆ ಪ್ರಯೋಗ ಮಾಡಿದೆವು. ರಾಟೆಯ ತೂಕ ಕಳೆದು 600 ಬಂತು, 400 ಬಂತು. ಬಿಟ್ಟಾಗ ಮಾತ್ರ ವಿಡಿಯೊದಲ್ಲಿ 480ರ ಬದಲು 490 ಕಾಣುತ್ತದೆ. ತಕ್ಕಡಿಯಲ್ಲಿ ಹತ್ತು ಗ್ರಾಂಗೆ ಒಂದು ಗೆರೆ ಇದೆ, ಓದಿದ್ದು ತಪ್ಪಿಲ್ಲ. ಗೆಳತಿಯರೂ ನೋಡಿದರು.


ಉತ್ತರ: ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಧಾರವಾಡ

490 ಬಂದದ್ದು 480ಕ್ಕಿಂತ ಒಳ್ಳೆಯದೇ ಆಯಿತು. ಕಾಲೇಜಿನ ರಾಟೆ ಪುಸ್ತಕದ ರಾಟೆಯಲ್ಲ. ಅದಕ್ಕೆ ತೂಕವಿದೆ, ಅಚ್ಚಿನಲ್ಲಿ ಘರ್ಷಣೆ ಇದೆ, ಬಹುಶಃ ಎಣ್ಣೆ ಕಂಡು ವರ್ಷಗಳಾಗಿವೆ. ಆದ್ದರಿಂದ ಎರಡೂ ಬದಿಯ ಎಳೆತ ಒಂದೇ ಎಂದು ಹಿಡಿಯುವಂತಿಲ್ಲ.

ಕತ್ತರಿಯನ್ನು ಎರಡೂ ಬದಿ ಬೇರೆಬೇರೆಯಾಗಿ ಹಾಕು. 300 ಗ್ರಾಂ ಬದಿಯ ಎಳೆತ 0.3 × (10 − ವೇಗೋತ್ಕರ್ಷ), 200 ಗ್ರಾಂ ಬದಿಯದು 0.2 × (10 + ವೇಗೋತ್ಕರ್ಷ). ಕೂಡಿದರೆ 5 − 0.1 × ವೇಗೋತ್ಕರ್ಷ. ನಿನ್ನ ತಕ್ಕಡಿ ತೋರಿಸಿದ್ದು 4.9 ನ್ಯೂಟನ್, ಎಂದರೆ ವೇಗೋತ್ಕರ್ಷ 2 ಅಲ್ಲ, 1. ಹಾಗಾದರೆ ಒಂದು ಬದಿ ಎಳೆತ 2.7, ಇನ್ನೊಂದು ಬದಿ 2.2. ನಡುವಿನ ಅರ್ಧ ನ್ಯೂಟನ್ ರಾಟೆಯನ್ನು ತಿರುಗಿಸಲು ಮತ್ತು ಅದರ ಅಚ್ಚಿನ ಘರ್ಷಣೆಗೆ ಹೋಗಿದೆ. ಅದರಲ್ಲಿ ಯಾವುದಕ್ಕೆ ಎಷ್ಟು ಎಂಬುದನ್ನು ಭ್ರಮಣ ಚಲನೆಯ (ತಿರುಗುವ ವಸ್ತುಗಳ) ಪಾಠ ಮುಗಿದ ಮೇಲೆ ನೋಡೋಣ.

ಆ ವಿಡಿಯೊದಲ್ಲೇ ಸಮಯವೂ ಇರುತ್ತದೆ. ತೂಕ ಒಂದು ಮೀಟರ್ ಇಳಿಯಲು ಹಿಡಿದದ್ದು ಒಂದು ಸೆಕೆಂಡೋ, 1.4 ಸೆಕೆಂಡೋ ನೋಡಿ ಬರೆ. 1.4ರ ಆಸುಪಾಸು ಇದ್ದರೆ ತಕ್ಕಡಿ ಹೇಳಿದ್ದು ನಿಜ. ಒಂದೇ ಸೆಕೆಂಡ್ ಇದ್ದರೆ ತಕ್ಕಡಿಯ ಸ್ಪ್ರಿಂಗನ್ನು ಅನುಮಾನಿಸೋಣ.